ರಾಷ್ಟ್ರಪತಿ ಆಯ್ಕೆ: ಮತದಾರನ ಪಾಲೆಷ್ಟು?

ರಾಷ್ಟ್ರಪತಿ ಚುನಾವಣೆಯ ದಿನ ಲಿಂಗರಾಜಪುರದ ಮತದಾರರು ಮತಗಟ್ಟೆಗೆ ಹೋಗುವುದಿಲ್ಲ. ಅವರ ಪರವಾಗಿ ಸರ್ವಜ್ಞನಗರ ಕ್ಷೇತ್ರದ ಶಾಸಕರು ವಿಧಾನಸೌಧದಲ್ಲಿ ಮತ ಹಾಕುತ್ತಾರೆ. ಆ ಒಂದು ಮತದ ಮೌಲ್ಯ 131.

ಈ ಲೆಕ್ಕ ಸಂವಿಧಾನದ 55ನೇ ವಿಧಿಯದು. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಬೇಕು. 1971ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 2,92,99,014. ಶಾಸಕರು 224 ಮಂದಿ. ರಾಜ್ಯದ ಒಟ್ಟು ಮೌಲ್ಯ 29,344. 2011ರ ಹೊತ್ತಿಗೆ ಜನಸಂಖ್ಯೆ ಆರು ಕೋಟಿ ದಾಟಿದ್ದರೂ ಲೆಕ್ಕ ಬದಲಾಗಲಿಲ್ಲ. 2026ರ ನಂತರದ ಮೊದಲ ಜನಗಣತಿಯ ಅಂಕಿಅಂಶ ಬರುವವರೆಗೆ ಹಳೆಯದೇ ಇರಲೆಂದು 84ನೇ ತಿದ್ದುಪಡಿ ನಿಗದಿ ಮಾಡಿತು.

ಅಮೆರಿಕದಲ್ಲೂ ಅಧ್ಯಕ್ಷರ ಆಯ್ಕೆ ನೇರವಲ್ಲ. ಪ್ರತಿ ರಾಜ್ಯಕ್ಕೂ ಇಂತಿಷ್ಟು ಪ್ರತಿನಿಧಿ ಮತಗಳಿವೆ. 50 ರಾಜ್ಯಗಳ ಪೈಕಿ 48ರಲ್ಲಿ, ಹೆಚ್ಚು ಮತ ಪಡೆದವರಿಗೆ ಅವೆಲ್ಲವೂ ಸೇರುತ್ತವೆ. 2024ರಲ್ಲಿ ಕ್ಯಾಲಿಫೋರ್ನಿಯಾದ 60 ಲಕ್ಷಕ್ಕೂ ಹೆಚ್ಚು ಜನ ಟ್ರಂಪ್‌ಗೆ ಮತ ಹಾಕಿದರು. ಆದರೂ ಅಲ್ಲಿನ 54 ಪ್ರತಿನಿಧಿ ಮತಗಳೂ ಕಮಲಾ ಹ್ಯಾರಿಸ್ ಪಾಲಾದವು. ಜನಮತದ ಪ್ರಮಾಣದಲ್ಲಿ ಹಂಚಿದ್ದರೆ ಟ್ರಂಪ್‌ಗೆ ಸುಮಾರು 21 ಸಿಗುತ್ತಿದ್ದವು. ಇಂಥ ಹಂಚಿಕೆಯ ತಿದ್ದುಪಡಿಗೆ 1950ರಲ್ಲಿ ಸೆನೆಟ್ 64–27 ಮತಗಳಿಂದ ಒಪ್ಪಿತ್ತು; ಪ್ರತಿನಿಧಿ ಸಭೆ ತಿರಸ್ಕರಿಸಿತು.

ನಮ್ಮಲ್ಲಿ ರಾಜ್ಯದ ಮೌಲ್ಯವೆಲ್ಲ ಒಬ್ಬರಿಗೇ ಹೋಗುವುದಿಲ್ಲ. ಪ್ರತಿ ಶಾಸಕರ ಮತವೂ ಅವರು ಆರಿಸಿದ ಅಭ್ಯರ್ಥಿಗೇ ಸೇರುತ್ತದೆ. ಹಾಗೆಂದು ಜನಮತದ ಪ್ರಮಾಣಕ್ಕೆ ಅದು ಸರಿಹೊಂದುತ್ತದೆಯೇ? 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಶೇ 43ರಷ್ಟು ಮತ ಬಂದು, 135 ಸ್ಥಾನ, ಅಂದರೆ ಶೇ 60ರಷ್ಟು ದೊರೆಯಿತು. ಜೆಡಿಎಸ್‌ಗೆ ಶೇ 13ರಷ್ಟು ಮತ ಬಂದರೂ ಸಿಕ್ಕಿದ್ದು 19 ಸ್ಥಾನ, ಶೇ 8ರಷ್ಟು ಮಾತ್ರ. 135 ಶಾಸಕರ ಮತಮೌಲ್ಯ 17,685. ಜನಮತದ ಪ್ರಮಾಣದಲ್ಲಿ ಹಂಚಿದರೆ ಆ ಪಕ್ಷಕ್ಕೆ ಬರುವುದು ಸುಮಾರು 12,600.

ಕ್ಷೇತ್ರದಲ್ಲಿ ಸೋತವರಿಗೆ ಬಿದ್ದ ಮತಗಳ ಲೆಕ್ಕ ಶಾಸಕರ ಆಯ್ಕೆಯಲ್ಲೇ ಮುಗಿದುಹೋಗುತ್ತದೆ. ರಾಷ್ಟ್ರಪತಿ ಚುನಾವಣೆಗೆ ತಲುಪುವುದು ಗೆದ್ದವರ ಮತ ಮಾತ್ರ. ಸಂಸದರಿಗೂ ಪ್ರತ್ಯೇಕ ಮತವಿದೆ. 2022ರಲ್ಲಿ ಅದರ ಮೌಲ್ಯ 700 ಇತ್ತು. ಲೋಕಸಭಾ ಸದಸ್ಯರೂ ಕ್ಷೇತ್ರಕ್ಕೊಬ್ಬರಂತೆಯೇ ಗೆದ್ದು ಬಂದವರು. ಆದ್ದರಿಂದ ರಾಷ್ಟ್ರಪತಿಯ ಆಯ್ಕೆಯಲ್ಲಿ ಲಿಂಗರಾಜಪುರದ ಪಾಲು ನಿರ್ಧಾರವಾಗುವುದು ವಿಧಾನಸಭೆ ಮತ್ತು ಲೋಕಸಭಾ ಚುನಾವಣೆಯ ದಿನಗಳಂದೇ.