ತಲೆಪೆಟ್ಟಿನ ಉಳಿದ ತೊಂದರೆಗೆ ಅಯಸ್ಕಾಂತದ ಚಿಕಿತ್ಸೆ



ಮರದಿಂದ ಜಾರಿ ಬೀಳುವುದು, ಎತ್ತು ಹಾಯುವುದು, ಬೈಕಿನಿಂದ ಉರುಳುವುದು ಹಳ್ಳಿಗಳಲ್ಲಿ ಹೊಸತಲ್ಲ. ತಲೆಗೆ ಪೆಟ್ಟು ಬಿದ್ದಾಗ ರಕ್ತ ಬಾರದಿದ್ದರೂ ಒಳಗೆ ಮಿದುಳು ಅಲುಗಿರಬಹುದು. ಬಹುಮಂದಿ ಕೆಲವು ವಾರಗಳಲ್ಲಿ ಗುಣ ಹೊಂದುತ್ತಾರೆ. ಕೆಲವರಿಗೆ ಮಾತ್ರ ತಲೆನೋವು, ತಲೆಸುತ್ತು, ನಿದ್ರೆಗೇಡು, ಮರೆವು, ಸಿಡುಕು ತಿಂಗಳುಗಟ್ಟಲೆ ಉಳಿಯುತ್ತವೆ. ಸ್ಕ್ಯಾನಿನಲ್ಲಿ ಏನೂ ಕಾಣದಿರಬಹುದು. ಅಷ್ಟಕ್ಕೇ ಅವರನ್ನು ಸೋಮಾರಿಗಳೆಂದು ಹಳಿಯಬಾರದು. ಅವರ ತೊಂದರೆ ನಿಜವಾದುದು.

ಇದಕ್ಕೆ ಈಗ ಟಿ.ಎಂ.ಎಸ್. ಎಂಬ ಚಿಕಿತ್ಸೆಯನ್ನು ಪರೀಕ್ಷಿಸಲಾಗುತ್ತಿದೆ. ಪಂಪ್‌ಸೆಟ್ಟಿನ ಮೋಟಾರಿಗೆ ವೈಂಡಿಂಗ್ ಮಾಡುವುದನ್ನು ನೀವು ನೋಡಿದ್ದೀರಿ. ಅಂತಹುದೇ ತಂತಿಯ ಸುರುಳಿಯನ್ನು ತಲೆಯ ಮೇಲೆ ಹಿಡಿದು ಕ್ಷಣಮಾತ್ರ ವಿದ್ಯುತ್ ಹಾಯಿಸುತ್ತಾರೆ. ಆಗ ಹುಟ್ಟುವ ಅಯಸ್ಕಾಂತ ಶಕ್ತಿಯು ತಲೆಬುರುಡೆಯನ್ನು ದಾಟಿ ಮಿದುಳಿನ ನರಕೋಶಗಳನ್ನು ಚುರುಕುಗೊಳಿಸುತ್ತದೆ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ಪ್ರಜ್ಞೆ ತಪ್ಪಿಸುವುದಿಲ್ಲ. ಶಾಕ್ ಚಿಕಿತ್ಸೆ ಬೇರೆ, ಇದು ಬೇರೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ಈ ಯಂತ್ರವನ್ನು ತೋರಿಸಿಕೊಟ್ಟರು. 2008ರಲ್ಲಿ ಅಮೆರಿಕದ ಸರ್ಕಾರ ಖಿನ್ನತೆಯ ರೋಗಕ್ಕೆ ಇದನ್ನು ಒಪ್ಪಿತು. ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ ಮನೋರೋಗಗಳಿಗೆ ಇದನ್ನು ಬಳಸುತ್ತಾರೆ.

ಆದರೆ ತಲೆಪೆಟ್ಟಿನ ತೊಂದರೆಗೆ ಇದು ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಸಣ್ಣ ಪ್ರಯೋಗಗಳಲ್ಲಿ ಕೆಲವರ ತಲೆನೋವು, ಖಿನ್ನತೆ ತಗ್ಗಿದುದು ಕಂಡಿದೆ. ಎಲ್ಲರಿಗೂ ಗುಣವಾಗುವುದೆಂದು ಇನ್ನೂ ರುಜುವಾತಾಗಿಲ್ಲ. ಹೊಸ ತಳಿಯ ಬೀಜವನ್ನು ಒಂದೆರಡು ಗುಂಟೆಯಲ್ಲಿ ಬೆಳೆದು ನೋಡದೆ ಇಡೀ ಹೊಲಕ್ಕೆ ಬಿತ್ತುವಿರಾ? ಇದೂ ಹಾಗೆಯೇ. ಯಾರಾದರೂ ಖಂಡಿತ ಗುಣವೆಂದು ಹೇಳಿದರೆ ನಂಬಿ ಸಾಲ ಮಾಡಬೇಡಿ, ದನ ಮಾರಬೇಡಿ. ತಲೆಯೊಳಗೆ ಲೋಹದ ವಸ್ತು ಕೂಡಿಸಿಕೊಂಡವರು ಮತ್ತು ಮೂರ್ಛೆರೋಗವುಳ್ಳವರು ಈ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಹಾಗಾದರೆ ನೀವು ಮಾಡಬೇಕಾದುದೇನು?

1. ಪೆಟ್ಟು ಬಿದ್ದ ಮೇಲೆ ಪದೇ ಪದೇ ವಾಂತಿ, ಹೆಚ್ಚುತ್ತ ಹೋಗುವ ತಲೆನೋವು, ಮಂಪರು, ಫಿಟ್ಸ್, ಕೈಕಾಲಿನ ನಿತ್ರಾಣ, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಕಂಡರೆ ತಡಮಾಡದೆ 108ಕ್ಕೆ ಕರೆಮಾಡಿ.

2. ಉಳಿದವರು ವೈದ್ಯರಿಗೆ ತೋರಿಸಿ, ಒಂದೆರಡು ದಿನ ವಿಶ್ರಾಂತಿ ಪಡೆಯಿರಿ. ಅನಂತರ ನಡಿಗೆ, ಹಗುರವಾದ ಕೆಲಸದಿಂದ ತೊಡಗಿ ದುಡಿಮೆಯನ್ನು ನಿಧಾನವಾಗಿ ಹೆಚ್ಚಿಸಿ.

3. ತಲೆಸುತ್ತು ಪೂರ್ತಿ ನಿಲ್ಲುವ ತನಕ ಮರ ಹತ್ತಬೇಡಿ, ಟ್ರ್ಯಾಕ್ಟರ್ ನಡೆಸಬೇಡಿ, ಮದ್ಯ ಮುಟ್ಟಬೇಡಿ.

4. ತಿಂಗಳಾದರೂ ತೊಂದರೆ ಉಳಿದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮತ್ತೆ ಹೋಗಿ. ತಲೆನೋವಿಗೆ, ನಿದ್ರೆಗೇಡಿಗೆ, ತಲೆಸುತ್ತಿಗೆ ಬೇರೆ ಬೇರೆ ಚಿಕಿತ್ಸೆಗಳು ಈಗಾಗಲೇ ಉಂಟು. ಅವುಗಳನ್ನು ಮೊದಲು ಪಡೆಯಿರಿ. ಹೊಸ ಚಿಕಿತ್ಸೆಯ ಮಾತು ಬಂದರೆ ಅದೇ ವೈದ್ಯರನ್ನು ಕೇಳಿ ಮುಂದುವರಿಯಿರಿ.