ಪ್ಯಾಕ್‌ಮ್ಯಾನ್ ಪೆಟ್ಟಿಗೆ ಮನೆಯಲ್ಲೇ ಮಾಡಬಹುದೇ?

ಪ್ರಶ್ನೆ: 1980ರ ಪ್ಯಾಕ್‌ಮ್ಯಾನ್ ಆಟದಂಥ ಆಳೆತ್ತರದ ಆರ್ಕೇಡ್ ಪೆಟ್ಟಿಗೆಯನ್ನು ನಾವೇ ಕಟ್ಟಬಹುದೇ?

ಉತ್ತರ: ಖಂಡಿತ. ಒಳಗಿನ ಯಂತ್ರಕ್ಕೆ ಒಂದು ರಾಸ್ಪ್‌ಬೆರಿ ಪೈ ಅಥವಾ ಮೂಲೆ ಸೇರಿದ ಹಳೆಯ ಕಂಪ್ಯೂಟರ್ ಸಾಕು. ನಿಜವಾದ ಕೆಲಸವಿರುವುದು ಮರದಲ್ಲಿ, ಅದರಲ್ಲೂ ಎರಡು ಪಕ್ಕದ ಹಲಗೆಗಳಲ್ಲಿ. ಅವು ಒಂದರಂತೆ ಇನ್ನೊಂದು ಇರದಿದ್ದರೆ ಇಡೀ ಪೆಟ್ಟಿಗೆ ಸೊಟ್ಟಗಾಗುತ್ತದೆ. ಹಾಗಾಗಿ ಎರಡನ್ನೂ ಬೇರೆ ಬೇರೆ ಗುರುತು ಹಾಕಿ ಕೊಯ್ಯಬೇಡಿ. 18 ಮಿ.ಮೀ. ಪ್ಲೈವುಡ್‌ನಲ್ಲಿ ಮೊದಲನೆಯದನ್ನು ಗೆರೆಯಿಂದ ತುಸು ಹೊರಗೆ ಜಿಗ್‌ಸಾದಲ್ಲಿ ಕತ್ತರಿಸಿ, ಉಪ್ಪುಕಾಗದದಿಂದ ಗೆರೆಯವರೆಗೆ ತಿದ್ದಿ. ತಾಳ್ಮೆಯೆಲ್ಲ ಇಲ್ಲೇ ಖರ್ಚಾಗಲಿ. ಆಮೇಲೆ ಅದನ್ನು ಎರಡನೆಯ ಹಲಗೆಯ ಮೇಲೆ ಕ್ಲಾಂಪ್ ಹಾಕಿ ಬಿಗಿದು, ಬೇರಿಂಗ್ ಇರುವ ಬಿಟ್ ಹಾಕಿದ ರೂಟರ್ ಓಡಿಸಿ. ಬೇರಿಂಗ್ ಮೊದಲ ಹಲಗೆಯ ಅಂಚನ್ನು ಸವರಿಕೊಂಡು ಹೋಗುತ್ತದೆ, ಅಲಗು ಎರಡನೆಯದನ್ನು ಅದೇ ಆಕಾರಕ್ಕೆ ತರುತ್ತದೆ.

ಅಂಚಿಗೆ ಕೂರುವ ಪ್ಲಾಸ್ಟಿಕ್ ಪಟ್ಟಿಯ ಅಡ್ಡಕೊಯ್ತ ಇಂಗ್ಲಿಷಿನ ಟೀ ಅಕ್ಷರದಂತಿರುತ್ತದೆ. ಅದರ ಕಾಲು ಇಳಿಯುವ ತೋಡನ್ನು ಪೆಟ್ಟಿಗೆ ಜೋಡಿಸುವ ಮೊದಲೇ ಅಂಚಿನ ನಟ್ಟನಡುವೆ ಕೊರೆಯಿರಿ. ಪಟ್ಟಿಯನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸುವಾಗ ಹಲಗೆಗೆ ಒಮ್ಮೆಲೇ ಆರ್ಕೇಡಿನ ಕಳೆ ಬರುತ್ತದೆ. ನನಗೆ ಅತಿ ಇಷ್ಟದ ಗಳಿಗೆ ಅದು.

ಗುಂಡಿಗಳನ್ನು ಕೊಂಡ ಮೇಲೆಯೇ ತೂತು ಕೊರೆಯಿರಿ: ಕೆಲವಕ್ಕೆ 28 ಮಿ.ಮೀ. ಬೇಕು, ಜಪಾನಿ ಮಾದರಿಯವಕ್ಕೆ ಸಾಮಾನ್ಯವಾಗಿ 30. ಹಲಗೆಯಡಿ ರದ್ದಿ ಮರದ ತುಂಡು ಇಟ್ಟರೆ ಕೆಳಪದರ ಸಿಬಿರೇಳುವುದಿಲ್ಲ.