ಬುಟ್ಟಿಯ ಬಳಿಯ ಪಾಠ

ಬಳಸುವವರ ತೊಡಕನ್ನು ಅರಿತು, ಮೊಬೈಲಿನ ತೆರೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು, ಯಾವ ಮಾತು ಮೊದಲು ಬರಬೇಕು ಎಂದು ಗೊತ್ತುಪಡಿಸುವವರಿಗೆ ಯೂಸರ್ ಎಕ್ಸ್‌ಪೀರಿಯನ್ಸ್ ಡಿಸೈನರ್ ಎಂದು ಹೆಸರು. 1993ರ ಸುಮಾರಿಗೆ ಆ್ಯಪಲ್ ಕಂಪನಿಯಲ್ಲಿದ್ದ ಡೊನಾಲ್ಡ್ ನಾರ್ಮನ್ ಯೂಸರ್ ಎಕ್ಸ್‌ಪೀರಿಯನ್ಸ್ ಎಂಬ ಮಾತನ್ನು ಬಳಕೆಗೆ ತಂದರು. ಅನುಭವವೇ ಕಸುಬಾದ ಈ ವೃತ್ತಿಯಲ್ಲಿ ಹೊಸಬರನ್ನು ಮೊದಲು ಕೇಳುವುದು "ಅನುಭವವಿದೆಯೇ?" ಎಂದೇ! ಅಂಕಪಟ್ಟಿಗಿಂತ ಮಾಡಿದ ಕೆಲಸದ ಕಡತಕ್ಕೆ, ಅಂದರೆ ಪೋರ್ಟ್‌ಫೋಲಿಯೊಗೆ, ಅಲ್ಲಿ ಬೆಲೆ ಹೆಚ್ಚು. ಹೆಸರಾಂತ ಆ್ಯಪುಗಳನ್ನೇ ತಿದ್ದಿ ಬರೆದು ಕಡತ ತುಂಬಿಸುವುದು ರೂಢಿ, ನನಗದು ಒಪ್ಪಿಗೆಯಿಲ್ಲ.

ನನಗೆ ಪರಿಚಿತಳಾದ ಕುಮಟೆಯ ಹುಡುಗಿಯೊಬ್ಬಳು ಭಟ್ಕಳದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ಹೊನ್ನಾವರದಲ್ಲಿ ಬಸ್ಸು ಬದಲಿಸುವಾಗ ಮೀನು ಮಾರುವ ಅಜ್ಜಿಯೊಬ್ಬಳು ಮೊಬೈಲ್ ಚಾಚಿ, "ತಂಗೀ, ದುಡ್ಡು ಬಂತೋ ಇಲ್ವೋ ನೋಡೇ" ಎನ್ನುತ್ತಿದ್ದಳು. ದುಡ್ಡು ಬಂದೇ ಇರುತ್ತಿತ್ತು. ಇಂಗ್ಲಿಷ್ ಸಂದೇಶಗಳ ನಡುವೆ ಮೊತ್ತ ಹೂತುಹೋಗಿರುತ್ತಿತ್ತು. ಹುಡುಗಿ ಕಾಗದದ ಮೇಲೆ ಬೇರೊಂದು ತೆರೆ ಬರೆದು ಐವರು ಮೀನುಗಾರ ಹೆಂಗಸರಿಗೆ ತೋರಿಸಿದಳು. ಮೂವರಿಗೆ ಅರ್ಥವಾಗಲಿಲ್ಲ. "ಜಮೆಯಾಗಿದೆ" ಎಂಬುದನ್ನು ಹೊಡೆದುಹಾಕಿ "ಬಂತು" ಎಂದು ಬರೆದಳು. ಅಂಕಿಯನ್ನು ಹೆಬ್ಬೆರಳಷ್ಟು ದೊಡ್ಡದು ಮಾಡಿದಳು. ಸೋತ ಹಾಳೆಗಳನ್ನೂ ಕಡತದಲ್ಲಿ ಉಳಿಸಿಕೊಂಡಳು.

ಬೆಂಗಳೂರಿನ ಒಂದು ಕಂಪನಿ ಅನುಭವ ಸಾಲದೆಂದು ಹಿಂದಕ್ಕೆ ಕಳುಹಿಸಿತು. ಇನ್ನೊಂದು ಸಣ್ಣ ಕಚೇರಿಯಲ್ಲಿ ಅರ್ಧ ಗಂಟೆಯೂ ಆ ಸೋತ ಹಾಳೆಗಳ ಮಾತೇ. ಕೆಲಸ ದೊರೆಯಿತು: ಆರು ತಿಂಗಳ ತರಬೇತಿ, ಅರ್ಧ ಸಂಬಳ. ಅಜ್ಜಿ ಈಗ ಬೇರೆ ಯಾರನ್ನೋ ಕೇಳುತ್ತಿದ್ದಾಳೆ.